ಬಳೆ ಸಡಿಲವಾದಾಗ



ಕೆಲವು ವರ್ಷಗಳ ಹಿಂದೆ ಹೂ ಕಟ್ಟಿ ಮಾರುವ ತಾಯಿಯೊಬ್ಬರು ನನ್ನ ಬಳಿ ಬಂದರು. ವಯಸ್ಸು ಐವತ್ತೈದರ ಆಸುಪಾಸು. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಕುಳಿತವರೇ ಬಲಗೈ ಮೇಲೆತ್ತಿದರು. ಗಾಜಿನ ಬಳೆಗಳು ಸರಸರ ಸದ್ದು ಮಾಡುತ್ತ ಮೊಣಕೈವರೆಗೆ ಜಾರಿದವು. "ನೋಡಿ ಡಾಕ್ಟ್ರೇ, ಹೋದ ಗೌರಿ ಹಬ್ಬಕ್ಕೆ ಬಳೆಗಾರ ಸೋಪು ಹಚ್ಚಿ ತೊಡಿಸಿದ ಬಳೆ ಇವು. ಈಗ ಹೂ ಕಟ್ಟೋವಾಗ ತಾವಾಗೇ ಕಳಚಿ ಬೀಳ್ತವೆ" ಎಂದರು.

ಬೀದಿಯವರೆಲ್ಲ ಅವರನ್ನು ಹೊಗಳುತ್ತಿದ್ದರಂತೆ. "ಎಷ್ಟು ಸಣ್ಣಗಾಗಿದ್ದೀಯವ್ವ, ಶುಗರ್ರು ಕಂಟ್ರೋಲಿಗೆ ಬಂದಿರ್ಬೇಕು" ಅನ್ನುತ್ತಿದ್ದರಂತೆ. ಅವರೂ ಹಾಗೇ ನಂಬಿದ್ದರು. ಅನ್ನ ಬಿಟ್ಟಿದ್ದರು. ಮಧ್ಯಾಹ್ನ ಅರ್ಧ ಮುದ್ದೆ. ರಾತ್ರಿ ಒಂದು ಲೋಟ ಮಜ್ಜಿಗೆ, ಅಷ್ಟೇ. ತೂಕ ನೋಡಿದೆ. 41 ಕೆಜಿ. ಒಂದು ವರ್ಷದ ಹಿಂದಿನ ಚೀಟಿಯಲ್ಲಿ 52 ಎಂದು ಬರೆದಿತ್ತು. ರಕ್ತದ ಸಕ್ಕರೆ 340ರ ಹತ್ತಿರ ಇತ್ತು.

ಕೇಳುಗರೇ, ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಸಕ್ಕರೆ ಕಾಯಿಲೆ ಇರುವವರು ತಾವು ಪ್ರಯತ್ನಪಡದೆ ಸಣ್ಣಗಾಗುತ್ತಿದ್ದರೆ, ಅದು ಕಾಯಿಲೆ ಹತೋಟಿಗೆ ಬಂದ ಗುರುತಲ್ಲ. ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಹುಡುಕಬೇಕು. ಹುಡುಕುವ ಬದಲು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂರಬಾರದು.

ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಪತ್ರಿಕೆಯಲ್ಲಿ, ಸಭೆಯಲ್ಲಿ ಅವರಿಗೆಲ್ಲ ಕೊಡುವ ಸಲಹೆ ಒಂದೇ. ತೂಕ ಇಳಿಸಿ, ಹೊಟ್ಟೆ ಕರಗಿಸಿ. ಬಹಳ ಮಂದಿಗೆ ಅದು ಸರಿಯಾದ ಮಾತು. ನಾನೂ ಹೇಳುತ್ತೇನೆ. ಆದರೆ ಅದೇ ಮಾತು ಬಡಕಲು ಮೈಯವರ ಕಿವಿಗೂ ಬೀಳುತ್ತದೆ. ಅವರೂ ಊಟ ಬಿಡುತ್ತಾರೆ. ನನ್ನ ಆತಂಕ ಇರುವುದು ಇವರ ಬಗ್ಗೆ.

ಎಷ್ಟು ಇಳಿದರೆ ಎಚ್ಚರವಾಗಬೇಕು? ಲೆಕ್ಕ ಸುಲಭ. ಆರು ತಿಂಗಳಿಂದ ಒಂದು ವರ್ಷದ ಒಳಗೆ ಮೈತೂಕದ ನೂರರಲ್ಲಿ ಐದು ಪಾಲು ಇಳಿದರೆ ವೈದ್ಯರಿಗೆ ತೋರಿಸಲೇಬೇಕು. 60 ಕೆಜಿ ಇದ್ದವರಿಗೆ 3 ಕೆಜಿ. 40 ಕೆಜಿ ಇದ್ದವರಿಗೆ 2 ಕೆಜಿ ಸಾಕು. ತಕ್ಕಡಿ ಇಲ್ಲದ ಮನೆಯಲ್ಲೂ ಮೈ ತಾನೇ ಹೇಳುತ್ತದೆ. ಬಳೆ ಸಡಿಲವಾಗುತ್ತದೆ. ರವಿಕೆಗೆ ಹೊಸದಾಗಿ ಹೊಲಿಗೆ ಹಾಕಿಸಬೇಕಾಗುತ್ತದೆ. ಬೆಲ್ಟಿಗೆ ಇನ್ನೊಂದು ತೂತು ಬೇಕಾಗುತ್ತದೆ. ನೆಲದ ಮೇಲೆ ಕೂತವರು ಕೈ ಊರದೆ ಏಳಲಾರರು.

ಈಗ ಮೊದಲ ಪ್ರಶ್ನೆಗೆ ಬರೋಣ. ತಿಂದದ್ದೆಲ್ಲ ಎಲ್ಲಿ ಹೋಗುತ್ತದೆ?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲ ಕೊನೆಗೆ ಸಕ್ಕರೆಯಾಗಿ ರಕ್ತ ಸೇರುತ್ತವೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡದೊಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಮೇದೋಜ್ಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಇನ್ಸುಲಿನ್ ಸಾಲದಿದ್ದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ರಕ್ತದ ಸಕ್ಕರೆ 180 ದಾಟಿತು ಅನ್ನಿ. ಆಮೇಲೆ ಮೂತ್ರಪಿಂಡಗಳು ಅದನ್ನು ಹಿಡಿದಿಟ್ಟುಕೊಳ್ಳಲಾರವು. ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ರಾತ್ರಿ ನಾಲ್ಕು ಸಲ ಏಳುವುದು, ಅದಕ್ಕೇ ತೀರದ ದಾಹ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಿಂದಿನ ವೈದ್ಯರು ಗಮನಿಸಿದ್ದರು. ಮಾಂಸವೇ ಕರಗಿ ಮೂತ್ರವಾಗಿ ಹರಿಯುವ ಕಾಯಿಲೆ ಇದು ಎಂದು ಪ್ರಾಚೀನ ಗ್ರೀಕ್ ವೈದ್ಯ ಅರಿಟೇಯಸ್ ವರ್ಣಿಸಿದ್ದ.

ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ ಶಕ್ತಿ ಇದೆ. ಹತೋಟಿ ತಪ್ಪಿದವರ ಮೂತ್ರದಲ್ಲಿ ದಿನಕ್ಕೆ 100 ಗ್ರಾಂ ಸಕ್ಕರೆ ಹೋದರೆ 400 ಕ್ಯಾಲೊರಿ ಹೋಯಿತು. ಒಂದು ದೊಡ್ಡ ರಾಗಿ ಮುದ್ದೆಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ದಿನಾ ಒಂದು ಮುದ್ದೆ ಕಟ್ಟಿ ಬಚ್ಚಲಿಗೆ ಎಸೆದಂತೆ. ಹೊಟ್ಟೆ ತುಂಬ ತಿಂದರೂ ಮೈಗೆ ಹತ್ತುವುದಿಲ್ಲ. ಆಗ ಮೈ ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ತೊಡೆ ಸೊರಗುತ್ತದೆ, ಭುಜ ಇಳಿಯುತ್ತದೆ.

ಇಂಥ ಮೈಗೆ ನಾವು ಉಪವಾಸದ ಶಿಕ್ಷೆಯನ್ನೂ ಕೊಟ್ಟರೆ ಏನಾಗಬೇಕು? ಇದಕ್ಕೆ ಉತ್ತರ ಚರಿತ್ರೆಯಲ್ಲಿ ಇದೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1922ಕ್ಕೆ ಮುಂಚೆ ಇನ್ಸುಲಿನ್ ಮದ್ದು ಇರಲಿಲ್ಲ. ಅಮೆರಿಕದಲ್ಲಿ ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಸಕ್ಕರೆ ಕಾಯಿಲೆಯ ಮಕ್ಕಳಿಗೆ ಊಟ ಕಡಿತ ಮಾಡುತ್ತಿದ್ದರು. ದಿನಕ್ಕೆ ಕೆಲವೇ ನೂರು ಕ್ಯಾಲೊರಿ. ಹೊಟ್ಟೆ ತುಂಬ ತಿಂದರೆ ಸಾವು ಬೇಗ, ತಿನ್ನದಿದ್ದರೆ ಸಾವು ನಿಧಾನ. ಬೇರೆ ದಾರಿ ಇಲ್ಲದ ಕಾಲ ಅದು. ಅವರನ್ನು ದೂರುವಂತಿಲ್ಲ. ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಹೀಗೆ ಮೂರು ವರ್ಷ ಅರೆಹೊಟ್ಟೆಯಲ್ಲಿ ಬದುಕಿದಳು. ತಂದೆ ಅಮೆರಿಕದ ವಿದೇಶಾಂಗ ಮಂತ್ರಿ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಹದಿನೈದರ ಹೊಸಿಲಲ್ಲಿದ್ದ ಆ ಹುಡುಗಿಯ ತೂಕ 20 ಕೆಜಿ ಆಸುಪಾಸು.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಸಂಗಡಿಗರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅವನ ತೂಕ ಆಗ 30 ಕೆಜಿ. ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್ ಟೊರಾಂಟೊಗೆ ಬಂದಳು. ಇನ್ಸುಲಿನ್ ಶುರುವಾಯಿತು. ಅದರ ಜೊತೆಗೇ ಊಟವೂ ಶುರುವಾಯಿತು. ಕೆಲವೇ ತಿಂಗಳಲ್ಲಿ ಮೈ ತುಂಬಿಕೊಂಡಳು. ಮುಂದೆ ಮದುವೆಯಾಗಿ ಮೂರು ಮಕ್ಕಳ ತಾಯಿಯಾದರು. 1981ರವರೆಗೆ ಬದುಕಿದರು.

ಈ ಕಥೆ ಏಕೆ ಹೇಳಿದೆ ಅಂದರೆ, ನೂರು ವರ್ಷದ ಹಿಂದೆ ಕೈಬಿಟ್ಟ ಆ ಅರೆಹೊಟ್ಟೆ ಚಿಕಿತ್ಸೆ ನಮ್ಮ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಹೂ ಮಾರುವ ಆ ತಾಯಿ ರಾತ್ರಿ ಮಜ್ಜಿಗೆ ಕುಡಿದು ಮಲಗುತ್ತಿದ್ದದ್ದು ಅದೇ ಚಿಕಿತ್ಸೆ. ಯಾರೂ ಬರೆದುಕೊಟ್ಟದ್ದಲ್ಲ, ಭಯ ಹೇಳಿಕೊಟ್ಟದ್ದು. ನಮ್ಮ ಚರಕ ಸಂಹಿತೆಯೂ ಸಕ್ಕರೆ ಕಾಯಿಲೆಯೂ ಸೇರಿದ ಪ್ರಮೇಹ ಇರುವವರಲ್ಲಿ ಸ್ಥೂಲರು, ಕೃಶರು, ಅಂದರೆ ದಪ್ಪಗಿರುವವರು, ಸಣ್ಣಗಿರುವವರು ಎಂದು ಎರಡು ಬಗೆ ಹೇಳುತ್ತದೆ. ಕೃಶರಿಗೆ ಮೈ ಪುಷ್ಟಿಯಾಗುವ ಉಪಚಾರ ಮಾಡಬೇಕೆನ್ನುತ್ತದೆ. ಅಂದರೆ ಸಣ್ಣಗಿದ್ದವರನ್ನು ಉಪವಾಸ ಕೆಡವಬೇಡಿ ಎಂಬುದು ಹೊಸ ಮಾತೇನೂ ಅಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಸಕ್ಕರೆ ಹತೋಟಿ ತಪ್ಪಿದಾಗ ಊಟದ ಸತ್ವ ಮೂತ್ರದಲ್ಲಿ ಹೋಗುತ್ತದೆ. ಊಟ ಕಡಿಮೆ ಮಾಡಿದರೆ ಅದು ನಿಲ್ಲುವುದಿಲ್ಲ, ಮದ್ದು ಸರಿಹೋದರೆ ನಿಲ್ಲುತ್ತದೆ. ಇನ್ನು ಮುಂದೆ ಇನ್ಸುಲಿನ್ ಬಗ್ಗೆ ಇರುವ ಹೆದರಿಕೆಯ ಬಗ್ಗೆ ಎರಡು ಮಾತು.

"ಇನ್ಸುಲಿನ್ ಅಂದ್ರೆ ಕೊನೇ ಹಂತ ಅಲ್ವಾ ಡಾಕ್ಟ್ರೇ?" ಈ ಪ್ರಶ್ನೆ ನಾನು ಕೇಳದ ವಾರವಿಲ್ಲ. ಅಲ್ಲ. ಮಾತ್ರೆ ಸಾಲದೆ ಮೈ ಕರಗುತ್ತಿರುವವರಿಗೆ ಇನ್ಸುಲಿನ್ನೇ ಮೊದಲ ಆಸರೆ. ಸಕ್ಕರೆಯನ್ನು ಇಳಿಸುವುದಷ್ಟೇ ಅದರ ಕೆಲಸವಲ್ಲ. ಮಾಂಸಖಂಡ ಒಡೆಯುವುದನ್ನು ತಡೆಯುತ್ತದೆ, ಮತ್ತೆ ಕಟ್ಟುತ್ತದೆ. ಕೆಲವರಿಗೆ ಕೆಲವು ತಿಂಗಳು ಕೊಟ್ಟು ಮತ್ತೆ ಮಾತ್ರೆಗೆ ಬದಲಿಸುವುದೂ ಉಂಟು. ಮಕ್ಕಳಿಗೆ ಬರುವ ಮೊದಲನೇ ಬಗೆಯ ಸಕ್ಕರೆ ಕಾಯಿಲೆಗಂತೂ ಇನ್ಸುಲಿನ್ ಬಿಟ್ಟು ಬೇರೆ ಮದ್ದಿಲ್ಲ. ಇದೇ ಬಗೆ ದೊಡ್ಡವರಿಗೂ ನಿಧಾನವಾಗಿ ಬರಬಹುದು. ಮಾತ್ರೆ ಕೆಲಸ ಮಾಡದೆ ಸೊರಗುತ್ತ ಹೋಗುವ ತೆಳ್ಳನೆಯವರಲ್ಲಿ ವೈದ್ಯರು ಅದನ್ನೂ ಪರೀಕ್ಷಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ತಂದೆತಾಯಂದಿರು ದಯವಿಟ್ಟು ಕೇಳಿಸಿಕೊಳ್ಳಿ. ಮಗು ಇದ್ದಕ್ಕಿದ್ದಂತೆ ಸೊರಗಿದೆ. ಬಿಂದಿಗೆಗಟ್ಟಲೆ ನೀರು ಕೇಳುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದೆ. ಹೀಗಾದರೆ ಅವತ್ತೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಇದರ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ಒಂದು ಗಂಟೆಯೂ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡವರಿಗೂ ಇದೇ ಮಾತು.

ಸರಿ. ಸಕ್ಕರೆ ಹತೋಟಿ ತಪ್ಪಿ ಮೈ ಇಳಿಯುವುದನ್ನು ಹೇಳಿದ್ದಾಯಿತು. ಆದರೆ ಸಕ್ಕರೆ ಹತೋಟಿಯಲ್ಲೇ ಇದ್ದು ತೂಕ ಇಳಿಯುತ್ತಿದ್ದರೆ? ಆಗ ಬೇರೆ ಕಡೆ ನೋಡಬೇಕು.

ಮೊದಲು ಮಾತ್ರೆ ಚೀಟಿಯನ್ನೇ ನೋಡಬೇಕು. ಮೆಟ್‌ಫಾರ್ಮಿನ್ ಬಹಳ ಒಳ್ಳೆಯ ಮಾತ್ರೆ. ಆದರೆ ಕೆಲವರಿಗೆ ಹಸಿವು ಕಟ್ಟುತ್ತದೆ, ಭೇದಿಯಾಗುತ್ತದೆ. ಊಟದ ಜೊತೆ ತೆಗೆದುಕೊಂಡರೆ, ನಿಧಾನವಾಗಿ ಕರಗುವ ಬಗೆಯದನ್ನು ಕೊಟ್ಟರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ. ಇನ್ನು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳಿವೆ. ಇವು ಸಕ್ಕರೆಯನ್ನು ಬೇಕೆಂದೇ ಮೂತ್ರದಲ್ಲಿ ಹೊರಹಾಕುತ್ತವೆ. ಜೊತೆಗೆ ದಿನಕ್ಕೆ ಸುಮಾರು 250 ಕ್ಯಾಲೊರಿಯೂ ಹೋಗುತ್ತದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಇವುಗಳಿಂದ ದೊಡ್ಡ ಉಪಕಾರ ಇದೆ. ದಪ್ಪ ಇರುವವರಿಗೆ ತೂಕ ಇಳಿದರೆ ಅದೂ ಲಾಭವೇ. ಆದರೆ ಮೊದಲೇ 45 ಕೆಜಿ ಇರುವ ಅಜ್ಜಿಗೆ ಲಾಭ ಎಷ್ಟು, ನಷ್ಟ ಎಷ್ಟು ಎಂದು ತೂಗಿ ನೋಡಬೇಕು. ತೂಗಬೇಕಾದವರು ವೈದ್ಯರು. ಬಾನುಲಿಯಲ್ಲಿ ಕೇಳಿದೆವೆಂದು ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. "ನನ್ನ ತೂಕ ಇಳೀತಿದೆ, ಈ ಮಾತ್ರೆಯಿಂದ ಇರಬಹುದಾ?" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಮಾತ್ರೆಯ ನಂತರ ಕ್ಷಯ. ಇದನ್ನು ಒತ್ತಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಟಿಬಿ ಬರುವ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ತೂಕ ಇಳಿಯುವುದು. ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮದ್ದಿಗೂ ದುಡ್ಡಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ನಾಚಿಕೆಪಡುವ ಕಾಯಿಲೆ ಅಲ್ಲ, ಗುಣವಾಗುವ ಕಾಯಿಲೆ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೂ ತೂಕ ಇಳಿಯುತ್ತದೆ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಜಠರದ ನರಗಳು ಸೋತು, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದುಂಟು. ಮೇದೋಜ್ಜೀರಕ ಗ್ರಂಥಿಯೇ ಕೆಟ್ಟಿದ್ದರೆ ಜಿಡ್ಡು ಅರಗುವುದಿಲ್ಲ. ಮಲ ಎಣ್ಣೆ ಎಣ್ಣೆಯಾಗಿ ನೀರಿನ ಮೇಲೆ ತೇಲುತ್ತದೆ. ಅದಕ್ಕೆ ಜೀರ್ಣರಸದ ಮಾತ್ರೆಗಳಿವೆ. ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಣಿಸಿಕೊಂಡು, ಅದರ ಜೊತೆಗೇ ತೂಕ ಜರ್ರನೆ ಇಳಿದರೆ ಆ ಗ್ರಂಥಿಯ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಇನ್ನು ಚಿಕ್ಕಂದಿನಿಂದ ಹೊಟ್ಟೆಗಿಲ್ಲದೆ ಬೆಳೆದ ಬಡವರ ಮಕ್ಕಳಲ್ಲಿ ಒಂದು ಬೇರೆಯದೇ ಬಗೆಯ ಸಕ್ಕರೆ ಕಾಯಿಲೆ ಕಾಣುತ್ತದೆ. 2025ರಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಐದನೇ ಬಗೆ ಎಂದು ಗುರುತಿಸಿತು. ಇದರ ಹಿಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧನೆಯೂ ಇದೆ. ಅಂದರೆ ಹಸಿವಿನಿಂದಲೂ ಸಕ್ಕರೆ ಕಾಯಿಲೆ ಬರಬಹುದು.

ಲ್ಯಾಬಿನಲ್ಲಿ ಸಿಗದ ಕಾರಣಗಳೂ ಇವೆ. ಹಲ್ಲು ಉದುರಿದೆ, ರೊಟ್ಟಿ ಅಗಿಯಲಾಗದು, ಕಾಫಿಯಲ್ಲಿ ಬಿಸ್ಕತ್ತು ಅದ್ದಿ ದಿನ ನೂಕುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಯಜಮಾನರು ಒಬ್ಬರಿಗೇ ಒಲೆ ಹಚ್ಚಲು ಬೇಸರಪಡುತ್ತಾರೆ. ಸೊಸೆ ಸಕ್ಕರೆಯವರಿಗೆಂದು ಬೇರೆ ಸಪ್ಪೆ ಅಡುಗೆ ಮಾಡುತ್ತಾಳೆ. ಮುದುಕರು ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಆ ಹೂವಿನ ತಾಯಿಗೂ ದವಡೆ ಹಲ್ಲು ನಾಲ್ಕು ಇರಲಿಲ್ಲ. ಮೊದಲ ದಿನ ನಾನು ಬಾಯಿ ತೆರೆಸಿ ನೋಡಲಿಲ್ಲ. ಎರಡನೇ ಸಲ ಬಂದಾಗ ಅವರೇ ಹೇಳಿದರು. ಅಂದಿನಿಂದ ತೂಕ ಇಳಿದವರು ಬಂದರೆ ನಾನು ಮೊದಲು ಬಾಯಿ ನೋಡುತ್ತೇನೆ, ಆಮೇಲೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ.

ಕೇಳುಗರೇ, ಕಾರಣ ಹುಡುಕಬೇಕು ಎಂಬಲ್ಲಿಗೆ ಬಂದೆವು. ಸಕ್ಕರೆ, ಮಾತ್ರೆ, ಕ್ಷಯ, ಹೊಟ್ಟೆ, ಹಲ್ಲು, ಮನಸ್ಸು ಎಲ್ಲವನ್ನೂ ನೋಡಿದೆವು. ಈಗ ಅಡುಗೆಮನೆಗೆ ಹೋಗೋಣ.

ಮೊದಲು ಒಂದು ತಪ್ಪು ತಿಳಿವಳಿಕೆ. ಅನ್ನ ವಿಷ, ಮುದ್ದೆ ಅಮೃತ ಎಂದು ನಂಬಿದವರಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂನಷ್ಟು ಪಿಷ್ಟ ಇದೆ. ರಾಗಿಯಲ್ಲಿ 70ರ ಹತ್ತಿರ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಒಳ್ಳೆಯದೇ. ಆದರೆ ಅದನ್ನು ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಮುದ್ದೆ ಮಾಡಿ ಕಾಳಿನ ಸಾರಿನ ಜೊತೆ ಉಂಡರೆ ನಿಧಾನ. ಅನ್ನವನ್ನೂ ಪೂರ್ತಿ ಬಿಡಬೇಕಾಗಿಲ್ಲ. ತಟ್ಟೆಯಲ್ಲಿ ಅನ್ನದ ಪಕ್ಕ ಏನಿದೆ ಎಂಬುದು ಮುಖ್ಯ.

ಪಕ್ಕದಲ್ಲಿ ಇರಬೇಕಾದದ್ದು ಪ್ರೋಟೀನು. ಮಾಂಸಖಂಡ ಕಟ್ಟುವುದು ಅದೇ. ಕೆಜಿ ತೂಕಕ್ಕೆ ದಿನಕ್ಕೆ ಒಂದು ಗ್ರಾಂ ಎಂದು ಲೆಕ್ಕ ಇಟ್ಟುಕೊಳ್ಳಿ. 50 ಕೆಜಿಯವರಿಗೆ 50 ಗ್ರಾಂ. ಸೊರಗಿದವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಬೇಕು. ಇದಕ್ಕೆ ಡಬ್ಬಿಯ ಪುಡಿ ಕೊಳ್ಳಬೇಕಾಗಿಲ್ಲ. ಹುರುಳಿ ಕಾಳಿನ ಸಾರು ಇದೆ. ಮೊಳಕೆ ಕಟ್ಟಿದ ಹೆಸರುಕಾಳು ಇದೆ. ಹಿತಕಿದ ಅವರೆಬೇಳೆ ಇದೆ. ಜೋಳದ ರೊಟ್ಟಿಗೆ ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಇದೆ. ಕರಾವಳಿಯವರಿಗೆ ಮೀನಿದೆ. ಸಾರಿನ ತಿಳಿಯನ್ನು ಮುದುಕರಿಗೆ ಬಡಿಸಿ ಕಾಳನ್ನು ಉಳಿದವರಿಗೆ ಹಾಕುವ ಪದ್ಧತಿಯನ್ನು ಮಾತ್ರ ಬಿಡಿ. ಸತ್ವ ಇರುವುದು ಕಾಳಿನಲ್ಲಿ. ಹಲ್ಲಿಲ್ಲದವರಿಗೆ ಅದನ್ನೇ ಮಸೆದು ಹಾಕಿ.

ಹೂವಿನ ತಾಯಿಗೆ ನಾನು ಹೇಳಿದ್ದು ಬಹಳ ಸಣ್ಣ ಬದಲಾವಣೆ. ಮೂರು ಹೊತ್ತಿನ ಊಟ ಬಿಡುವಂತಿಲ್ಲ. ಅದರ ಮೇಲೆ ದಿನಕ್ಕೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಹಲ್ಲಿಲ್ಲದ್ದರಿಂದ ಪುಡಿ ಮಾಡಿಕೊಂಡು. ಎರಡು ಬೆಂದ ಮೊಟ್ಟೆ. ಸಕ್ಕರೆ ಹಾಕದ ಒಂದು ಲೋಟ ಹಾಲು. ಸಾರು ಪಲ್ಯಕ್ಕೆ ಎರಡು ಟೀ ಚಮಚ ಎಣ್ಣೆ ಹೆಚ್ಚಿಗೆ. ಎಲ್ಲ ಸೇರಿದರೆ ಸುಮಾರು 500 ಕ್ಯಾಲೊರಿ, 25 ಗ್ರಾಂ ಪ್ರೋಟೀನು. ರಕ್ತದ ಸಕ್ಕರೆಯನ್ನು ಇವು ಅಷ್ಟಾಗಿ ಏರಿಸುವುದಿಲ್ಲ. ಮೊಟ್ಟೆ ತಿನ್ನದವರು ಅದರ ಬದಲು ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು ತಿನ್ನಬಹುದು. ಬೆಲ್ಲ, ಜೇನುತುಪ್ಪ ಸಕ್ಕರೆಯಲ್ಲವೆಂದು ತಿನ್ನುವವರಿದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಮೂರೂ ಒಂದೇ.

ಊಟವನ್ನು ಹೇಳಿದ್ದಾಯಿತು. ಆದರೆ ಉಂಡದ್ದು ಮಾಂಸಖಂಡವಾಗಬೇಕಾದರೆ ಆ ಮಾಂಸಖಂಡಕ್ಕೆ ಕೆಲಸ ಕೊಡಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ನಡೆಯುವ ಬಡಕಲು ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅರ್ಧ ಗಂಟೆ ಸಾಕು. ಉಳಿದ ಹೊತ್ತಿನಲ್ಲಿ ಗಟ್ಟಿ ಕುರ್ಚಿಯ ಮೇಲೆ ಕುಳಿತು, ಕೈ ಊರದೆ ಹತ್ತು ಸಲ ಏಳಿ, ಕೂರಿ. ಒಂದು ಲೀಟರ್ ನೀರಿನ ಬಾಟಲಿ ಒಂದು ಕೆಜಿ ತೂಗುತ್ತದೆ. ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಭುಜದವರೆಗೆ ಎತ್ತಿ ಇಳಿಸಿ. ಗೋಡೆಗೆ ಅಂಗೈ ಒತ್ತಿ, ಮೈ ಬಾಗಿಸಿ, ಮತ್ತೆ ತಳ್ಳಿ. ವಾರಕ್ಕೆ ಮೂರು ದಿನ ಮಾಡಿ. ಸಕ್ಕರೆ 300 ದಾಟಿ ಸುಸ್ತಾಗಿರುವವರು ಮಾತ್ರ ಈಗಲೇ ಶುರುಮಾಡಬೇಡಿ. ಮೊದಲು ಮದ್ದು, ಆಮೇಲೆ ಕಸರತ್ತು.

ಮತ್ತೊಂದು ಮಾತು. ತೂಕ ಇಳಿದ ಮೈಗೆ ಹಳೆಯ ಪ್ರಮಾಣದ ಮದ್ದು ಹೆಚ್ಚಾಗಿಬಿಡಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಮಾತು ತೊದಲುತ್ತದೆ. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ತಾಯಿ ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಂಡರು. ಕಫದಲ್ಲಿ ಕ್ಷಯ ಇರಲಿಲ್ಲ. ಮೊದಲ ತಿಂಗಳು ಒಂದು ಕೆಜಿ ಏರಿತು. ಎಂಟು ತಿಂಗಳಿಗೆ 48ಕ್ಕೆ ಬಂದರು. ಮುಂದಿನ ಗೌರಿ ಹಬ್ಬಕ್ಕೆ ಹಳೇ ಅಳತೆಯ ಬಳೆಯನ್ನೇ ತೊಟ್ಟು ಬಂದು ಕೈ ಮೇಲೆತ್ತಿ ತೋರಿಸಿದರು. ಬಳೆ ಜಾರಲಿಲ್ಲ.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಈ ವಾರವೇ ಅವರ ತೂಕ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಕ್ಕಡಿ ಇದೆ. ತಾರೀಖು ಹಾಕಿ ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ಮತ್ತೆ ನೋಡಿಸಿ. ಇಳಿಯುತ್ತಿದ್ದರೆ ಆ ಹಾಳೆಯನ್ನೂ ಮಾತ್ರೆ ಚೀಟಿಯನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ. ಮತ್ತೆ ಇವತ್ತು ರಾತ್ರಿ ಅವರ ಪಕ್ಕದಲ್ಲಿ ಕೂತು ಉಣ್ಣಿ.